ಜೂನ್ ಒಂದರಂದು ಹುಟ್ಟಿದ ಆಟಗಾರರು

ಕೊರಟಗೆರೆ ಸೀಮೆಯ ಹಿರಿಯರನ್ನು ಹುಟ್ಟಿದ ದಿನ ಯಾವುದೆಂದು ಕೇಳಿದರೆ ಜೂನ್ 1 ಎನ್ನುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಕಾಲ ಅದು. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆಗೆ ಆ ವರ್ಷ ಜಯಮಂಗಲಿ ತುಂಬಿ ಹರಿದದ್ದು ನೆನಪಿರುತ್ತಿತ್ತೇ ಹೊರತು ತಾರೀಖು ನೆನಪಿರುತ್ತಿರಲಿಲ್ಲ. ಮೇಷ್ಟ್ರು ಒಂದನೇ ತರಗತಿಗೆ ಬೇಕಾದ ವಯಸ್ಸನ್ನು ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. 1969ರಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂದ ಮೇಲೂ ಈ ರೂಢಿ ಬೇಗನೆ ಹೋಗಲಿಲ್ಲ. ಆ ಒಂದು ಸಾಲೇ ಮುಂದೆ ಅಂಕಪಟ್ಟಿಗೆ, ನೌಕರಿಗೆ, ನಿವೃತ್ತಿಗೆ ಆಧಾರ. ಆಟದ ಮೈದಾನಕ್ಕೂ ಅದೇ.

ಇದನ್ನು ಇಲ್ಲಿ ಎತ್ತಲು ಕಾರಣವಿದೆ. ಆಟಗಾರನ ವಯಸ್ಸನ್ನು ನೋಡಿ ಅವನಲ್ಲಿ ಇನ್ನೆಷ್ಟು ಆಟ ಉಳಿದಿದೆ ಎಂದು ಲೆಕ್ಕ ಹಾಕುವ ವಿದ್ಯೆಯೊಂದು ಈಗ ದೊಡ್ಡದಾಗಿ ಬೆಳೆದಿದೆ. ಅದರ ಬೇರು ಹಳೆಯದು. ಬೆಲ್ಜಿಯಂನ ಕ್ವೆಟಲೆ 1835ರ ತನ್ನ ಗ್ರಂಥದಲ್ಲೇ ಮನುಷ್ಯರ ದೇಹಬಲವನ್ನು ಯಂತ್ರದಿಂದ ಅಳೆದು, ವಯಸ್ಸಿಗೆ ತಕ್ಕಂತೆ ಅದು ಏರಿ ಇಳಿಯುವುದನ್ನು ಪಟ್ಟಿ ಮಾಡಿದ್ದ. 1982ರಲ್ಲಿ ಅಮೆರಿಕದ ಬಿಲ್ ಜೇಮ್ಸ್ ಬೇಸ್‌ಬಾಲ್ ಆಟಗಾರರ ಅಂಕಿಅಂಶಗಳನ್ನು ಜಾಲಾಡಿ, ಅವರ ಆಟ ತುತ್ತತುದಿ ಮುಟ್ಟುವುದು ಸುಮಾರು 27ನೇ ವಯಸ್ಸಿನಲ್ಲಿ ಎಂದ. ಅದಕ್ಕೂ ಮೊದಲು 30ರ ಹರೆಯವೇ ಆಟಗಾರನ ಚಿನ್ನದ ಕಾಲ ಎಂಬ ನಂಬಿಕೆ ಬಲವಾಗಿತ್ತು. ಬಾಸ್ಕೆಟ್‌ಬಾಲ್‌ಗೂ ಇಂಥದೇ ಲೆಕ್ಕ ಬಂತು. ಜಿಗಿತ ಮತ್ತು ವೇಗ ಮೊದಲು ಕುಂದುತ್ತವೆ, ಗುರಿ ಮತ್ತು ಚೆಂಡು ದಾಟಿಸುವ ಜಾಣ್ಮೆ ನಿಧಾನವಾಗಿ ಕುಂದುತ್ತವೆ.

ಕರೀಮ್ ಅಬ್ದುಲ್ ಜಬ್ಬಾರ್ ಅವರನ್ನೇ ನೋಡಿ. 1971ರಲ್ಲಿ ಈ ಹೆಸರಿಟ್ಟುಕೊಂಡ ಅವರು 1971-72ರ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 34.8 ಅಂಕ ಗಳಿಸಿದರು, ಆಗ ವಯಸ್ಸು 24. ತಮ್ಮ 20ನೆಯ ಹಾಗೂ ಕೊನೆಯ ಋತುವಾದ 1988-89ರಲ್ಲಿ ಸರಾಸರಿ 10.1. ಇಳಿಜಾರು ಕಣ್ಣಿಗೆ ಕಾಣುವಂತಿದೆ. ಆದರೆ ನಡುವೆ 1985ರಲ್ಲಿ, 38ನೇ ವಯಸ್ಸಿನಲ್ಲಿ, ಅಂತಿಮ ಪಂದ್ಯಾವಳಿಯ ಶ್ರೇಷ್ಠ ಆಟಗಾರ ಅವರೇ! ಒಂದೇ ಕೈಯಲ್ಲಿ ತಲೆಯ ಮೇಲಿಂದ ಚೆಂಡನ್ನು ಬಾಗಿಸಿ ಎಸೆಯುವ ಅವರ 'ಸ್ಕೈಹುಕ್' ಜಿಗಿತಕ್ಕಿಂತ ಎತ್ತರವನ್ನೂ ಅಭ್ಯಾಸವನ್ನೂ ನೆಚ್ಚಿದ್ದಿತು.

ಇಲ್ಲೇ ಲೆಕ್ಕದ ಮೊದಲ ಮೋಸ ಅಡಗಿದೆ. 38 ವರ್ಷದವರ ಸರಾಸರಿ ತೆಗೆದರೆ ಅದು ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಏಕೆಂದರೆ ಆ ವಯಸ್ಸಿನಲ್ಲಿ ಆಡುತ್ತಿರುವವರು ಕರೀಮ್‌ರಂಥವರು ಮಾತ್ರ. ಉಳಿದವರು ಎಂದೋ ಮನೆ ಸೇರಿದ್ದಾರೆ, ಮನೆಗೆ ಹೋದವರು ಪಟ್ಟಿಯಲ್ಲಿಲ್ಲ. ಇದಕ್ಕೆ ಪರಿಹಾರವಾಗಿ ಒಬ್ಬನದೇ ಈ ವರ್ಷದ ಆಟವನ್ನು ಅವನದೇ ಮರುವರ್ಷದ ಆಟದೊಂದಿಗೆ ಹೋಲಿಸುವ ಕ್ರಮ ಬಂತು. ಅದಕ್ಕೂ ಕೊರತೆ ತಪ್ಪಿದ್ದಲ್ಲ. ಒಂದು ವರ್ಷ ಅದೃಷ್ಟ ಕೈಕೊಟ್ಟವನನ್ನು ತಂಡ ಬಿಟ್ಟುಬಿಡುತ್ತದೆ, ಅವನು ಚೇತರಿಸಿಕೊಳ್ಳುತ್ತಿದ್ದ ಮರುವರ್ಷ ಎಂಬುದೇ ಇಲ್ಲ. ಅದೃಷ್ಟ ಕೈಹಿಡಿದವನು ಉಳಿಯುತ್ತಾನೆ, ಮುಂದಿನ ವರ್ಷ ತನ್ನ ಸಹಜ ಮಟ್ಟಕ್ಕೆ ಇಳಿಯುತ್ತಾನೆ. ಆ ಇಳಿತವನ್ನು ನಾವು ಮುಪ್ಪಿನ ತಲೆಗೆ ಕಟ್ಟುತ್ತೇವೆ.

ನಮ್ಮ ರಾಹುಲ್ ದ್ರಾವಿಡ್ 2011ರಲ್ಲಿ ಇಂಗ್ಲೆಂಡಿನ ನಾಲ್ಕು ಟೆಸ್ಟ್‌ಗಳಲ್ಲಿ ಮೂರು ಶತಕಗಳೊಂದಿಗೆ 461 ರನ್ ಗಳಿಸಿದಾಗ ಅವರಿಗೆ 38. ಕೆಲವೇ ತಿಂಗಳುಗಳಲ್ಲಿ ಆಸ್ಟ್ರೇಲಿಯಾದ ನಾಲ್ಕು ಟೆಸ್ಟ್‌ಗಳಲ್ಲಿ ಬಂದದ್ದು 194 ರನ್, ಎಂಟು ಇನಿಂಗ್ಸ್‌ಗಳಲ್ಲಿ ಆರು ಬಾರಿ ಬೌಲ್ಡ್. 2012ರ ಮಾರ್ಚ್‌ನಲ್ಲಿ ನಿವೃತ್ತಿ. ಅಷ್ಟು ಬೇಗ ಮುಪ್ಪು ಬಂದುಬಿಟ್ಟಿತೇ? ಎಂಟು ಇನಿಂಗ್ಸ್‌ಗಳಿಂದ ಯಾವ ಗಣಿತವೂ ಅದನ್ನು ಹೇಳಲಾರದು. ನಿರ್ಧಾರ ದ್ರಾವಿಡ್ ಅವರದಾಗಿತ್ತು, ಅದು ಅವರ ಘನತೆ.

ಇಷ್ಟೆಲ್ಲ ಲೆಕ್ಕಕ್ಕೂ ತಳಹದಿ ಹುಟ್ಟಿದ ದಿನ. ಶಾಹಿದ್ ಅಫ್ರಿದಿ 1996ರಲ್ಲಿ ನೈರೋಬಿಯಲ್ಲಿ 37 ಎಸೆತಗಳ ಶತಕ ಬಾರಿಸಿದಾಗ ದಾಖಲೆಯ ಪ್ರಕಾರ 16ರ ಹುಡುಗ. 2019ರ ಆತ್ಮಕಥೆಯಲ್ಲಿ ಅವರೇ ತಾವು ಹುಟ್ಟಿದ್ದು 1975ರಲ್ಲಿ ಎಂದರು. ಹದಿನಾರರ ಅದ್ಭುತ ಎಂದು ಜಗತ್ತು ಎಣಿಸಿದ್ದೆಲ್ಲ ಇಪ್ಪತ್ತು ದಾಟಿದ ಯುವಕನ ಆಟ! ಮೂವತ್ತು ಎಂದು ಬರೆದಿದ್ದಾಗ ಮೈಗೆ ಮೂವತ್ತನಾಲ್ಕೋ ಐದೋ ಆಗಿರುತ್ತದೆ. ಇಳಿತ 'ಬೇಗ' ಬಂದಂತೆ ಕಂಡರೆ ಆಶ್ಚರ್ಯವೇನು? ಕಿರಿಯರ ಕ್ರಿಕೆಟ್‌ನಲ್ಲಿ ಇಂಥದ್ದನ್ನು ತಡೆಯಲು ಬಿಸಿಸಿಐ 2012ರಲ್ಲಿ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ಅಂದಾಜು ಮಾಡುವ ಟಿಡಬ್ಲ್ಯು3 ಪರೀಕ್ಷೆಯನ್ನು ತಂದಿತು. ಅದೂ ಅಂದಾಜೇ. ಮೂಳೆಗಳೆಲ್ಲ ಬೆಸೆದುಕೊಂಡ ಮೇಲೆ ಅದೂ ಏನನ್ನೂ ಹೇಳದು. ಮೋಸಕ್ಕೆಂದು ವಯಸ್ಸು ತಿದ್ದುವುದು ಬೇರೆ, ಮೇಷ್ಟ್ರು ಬರೆದ ಜೂನ್ 1 ಬೇರೆ. ಆದರೆ ಪಟ್ಟಿ ಇವೆರಡನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ.

ಇನ್ನು ಪಟ್ಟಿಗೆ ಬಾರದವರ ಮಾತು. ನಮ್ಮ ತಾಲ್ಲೂಕಿನಂಥ ಕಡೆ ಪಿಯುಸಿವರೆಗೆ ಚೆನ್ನಾಗಿ ಆಡಿ, ಆಮೇಲೆ ಬೆಂಗಳೂರಿನ ಬಸ್ಸು ಹತ್ತಿ ಕೆಲಸಕ್ಕೆ ಸೇರಿದ ಹುಡುಗರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಹೆಣ್ಣುಮಕ್ಕಳ ಆಟವಂತೂ ಹತ್ತನೇ ತರಗತಿಗೇ ನಿಲ್ಲುವುದುಂಟು. ಅವರ ಆಟವನ್ನು ನಿಲ್ಲಿಸಿದ್ದು ವಯಸ್ಸಲ್ಲ. 27ರಲ್ಲಿ ತುತ್ತತುದಿ ಎನ್ನುವ ರೇಖೆ, 27ರವರೆಗೆ ಆಡಲು ಬಿಡುವು ಇದ್ದವರನ್ನು ಎಣಿಸಿ ಎಳೆದ ರೇಖೆ.

ಗರಡಿಮನೆಯಲ್ಲಿ ಪಟ್ಟು ಹಾಕುವ ಕಾಲ ಮುಗಿದ ಪೈಲ್ವಾನ ವಸ್ತಾದನಾಗಿ ಮಟ್ಟಿಯ ಪಕ್ಕದಲ್ಲಿ ಕೂರುತ್ತಿದ್ದ. ಬಾಸ್ಕೆಟ್‌ಬಾಲ್ ಅಂಗಳದಲ್ಲೂ ಅಂಥದೊಂದು ದೃಶ್ಯ ಕಂಡಿತು. 2023ರ ಫೆಬ್ರವರಿ 7ರಂದು ಕರೀಮ್ ಅವರ 38,387 ಅಂಕಗಳ ದಾಖಲೆಯನ್ನು ಲೆಬ್ರಾನ್ ಜೇಮ್ಸ್ ಮುರಿದಾಗ ಲೆಬ್ರಾನ್‌ಗೂ 38 ತುಂಬಿತ್ತು. 75ರ ಕರೀಮ್ ಅಂಗಳದ ಬದಿಯ ಕುರ್ಚಿಯಿಂದ ಎದ್ದು ಬಂದು ಚೆಂಡನ್ನು ಅವರ ಕೈಗಿತ್ತರು.