ಮೈಸೂರು ತಂಡ ಕರ್ನಾಟಕದ್ದಾದ ಬಗೆ

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ರಣಜಿ ಕ್ರಿಕೆಟ್ ತಂಡವೂ ಹೊಸ ಹೆಸರಿನಲ್ಲಿ ಕಣಕ್ಕಿಳಿದು, ಅದೇ ಋತುವಿನಲ್ಲಿ ಮೊಟ್ಟಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಇದು ಕಾಕತಾಳೀಯವೇ ಇರಬಹುದು. ಆದರೆ ತಂಡವೊಂದು ಇಡೀ ನಾಡಿನದಾಗಲು ಹೆಸರೊಂದೇ ಸಾಲದು ಎಂಬುದನ್ನು ಅದರ ಚರಿತ್ರೆ ಹೇಳುತ್ತದೆ.

1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ಈ ಪಂದ್ಯಾವಳಿಯ ಮೊದಲ ಪಂದ್ಯ ನಡೆಯಿತು. ಮೈಸೂರು ತಂಡ ಮದರಾಸಿಗೆ ಒಂದೇ ದಿನದಲ್ಲಿ ಇನಿಂಗ್ಸ್ ಅಂತರದಿಂದ ಸೋತಿತು. ಆಗ ತೇರದಾಳ ಸಾಂಗಲಿ ಸಂಸ್ಥಾನದಲ್ಲಿತ್ತು. ಜಮಖಂಡಿ, ಮುಧೋಳಗಳಿಗೆ ಅವುಗಳದೇ ಅರಸರಿದ್ದರು. ಇಲ್ಲಿನವರಿಗೆ ಮೈಸೂರೆಂದರೆ ಬೇರೊಂದು ಸೀಮೆ. ಏಕೀಕರಣವಾದದ್ದು 1956ರಲ್ಲಿ. ಮೈಸೂರು ತಂಡ 1941-42 ಮತ್ತು 1959-60ರಲ್ಲಿ ಫೈನಲ್ ತಲುಪಿದರೂ ಎರಡು ಸಲವೂ ಮುಂಬಯಿಗೆ ಶರಣಾಯಿತು.

ಮುಂಬಯಿಯದು ಆಗ ಏಕಚಕ್ರಾಧಿಪತ್ಯ. 1958-59ರಿಂದ ಸತತ ಹದಿನೈದು ವರ್ಷ ಟ್ರೋಫಿ ಅದರ ಕೈಬಿಟ್ಟಿರಲಿಲ್ಲ. 1974ರ ಬೆಂಗಳೂರು ಸೆಮಿಫೈನಲ್‌ನಲ್ಲಿ ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದು ಕರ್ನಾಟಕದ ಮೊತ್ತವನ್ನು 385ಕ್ಕೆ ಏರಿಸಿದರು. ನಾಯಕ ಎರಪಳ್ಳಿ ಪ್ರಸನ್ನ ಸುನಿಲ್ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಅಜಿತ್ ವಾಡೇಕರ್ ರನ್ ಔಟಾದರು. ಮುಂಬಯಿ 307ಕ್ಕೆ ಕುಸಿಯಿತು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದವರೇ ಗೆದ್ದಂತೆ ಎಂಬುದು ರಣಜಿ ನಾಕೌಟ್‌ನ ನಿಯಮ. ಹಾಗಾಗಿ ಆ 78 ರನ್ನುಗಳೇ ನಿರ್ಣಾಯಕವಾದವು. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಕರ್ನಾಟಕ ಟ್ರೋಫಿ ಎತ್ತಿತು.

1977-78ರಲ್ಲಿ ಉತ್ತರ ಪ್ರದೇಶದ ವಿರುದ್ಧ ಫೈನಲ್‌ನಲ್ಲಿ ವಿಶ್ವನಾಥ್ 247 ರನ್ ಹೊಡೆದರು. ಎರಡನೇ ಪ್ರಶಸ್ತಿ ಬಂತು. ಅದೃಷ್ಟ ಕೈಕೊಟ್ಟದ್ದೂ ಉಂಟು. 1981-82ರ ಫೈನಲ್‌ನಲ್ಲಿ ಕರ್ನಾಟಕ 705 ರನ್ ಪೇರಿಸಿತು. ದೆಹಲಿ ಎಂಟು ವಿಕೆಟ್‌ಗೆ 707 ಗಳಿಸಿ ಕಪ್ ಒಯ್ದಿತು! ಅದಕ್ಕೆ ಸಮಾಧಾನ ಸಿಕ್ಕಿದ್ದು ಮರುವರ್ಷ, ಮುಂಬಯಿಯನ್ನು ಅದರ ತವರಿನಲ್ಲೇ ಹಿಂದಿಕ್ಕಿದಾಗ.

ಇಷ್ಟಾದರೂ ತಂಡದಲ್ಲಿ ಬೆಂಗಳೂರಿನದೇ ಮೇಲುಗೈ ಎಂಬ ಮಾತು ಉತ್ತರ ಕರ್ನಾಟಕದಲ್ಲಿ ಇದ್ದೇ ಇತ್ತು. ಅದಕ್ಕೆ ಉತ್ತರವಾಗಿ ಬಂದವರು ಗದಗಿನ ಸುನಿಲ್ ಜೋಶಿ. ಬಾಲ್ಯದಲ್ಲಿ ಅವರು ಅಭ್ಯಾಸಕ್ಕಾಗಿ ಬೆಳಿಗ್ಗೆ ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. 1995-96ರಲ್ಲಿ ತಮಿಳುನಾಡನ್ನು ಹಿಂದಿಕ್ಕಿ ಕರ್ನಾಟಕ ನಾಲ್ಕನೇ ಬಾರಿ ಗೆದ್ದಾಗ, ಆ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಮತ್ತು 50ಕ್ಕೂ ಹೆಚ್ಚು ವಿಕೆಟ್ ಗಳಿಸಿದ್ದವರು ಇದೇ ಎಡಗೈ ಸ್ಪಿನ್ನರ್.

1997-98ರಲ್ಲಿ ಐದನೆಯದು. 1998-99ರ ಬೆಂಗಳೂರು ಫೈನಲ್‌ನಲ್ಲಿ ಮೊದಲ ಇನಿಂಗ್ಸ್ ಮುನ್ನಡೆ ಮಧ್ಯಪ್ರದೇಶದ್ದು; ಕಡೆಯ ದಿನ ಡ್ರಾ ಮಾಡಿಕೊಂಡರೂ ಅದಕ್ಕೆ ಸಾಕಿತ್ತು. ವಿಜಯ್ ಭಾರದ್ವಾಜ್ ಆರು ವಿಕೆಟ್ ಕಿತ್ತು, ಕರ್ನಾಟಕಕ್ಕೆ 96 ರನ್ನುಗಳ ಜಯ ತಂದರು. ಸೋತ ನಾಯಕ ಚಂದ್ರಕಾಂತ್ ಪಂಡಿತ್ 2022ರಲ್ಲಿ ಅದೇ ಮೈದಾನದಲ್ಲಿ, ಕೋಚ್ ಆಗಿ, ಮಧ್ಯಪ್ರದೇಶಕ್ಕೆ ಕಪ್ ಗೆದ್ದುಕೊಟ್ಟು ಕಣ್ಣೀರಿಟ್ಟರು.

ನಂತರ ಕರ್ನಾಟಕಕ್ಕೆ ಹದಿನೈದು ವರ್ಷಗಳ ಬರ. 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ ಮುಂಬಯಿ ಎದುರು ಗೆಲುವು ಕೇವಲ ಆರು ರನ್ನುಗಳಿಂದ ತಪ್ಪಿತು. ವಿನಯ್ ಕುಮಾರ್ ನಾಯಕತ್ವದಲ್ಲಿ 2013-14ರಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್‌ಗಳಿಂದ ಸೋಲಿಸಿ ಬರ ನೀಗಿತು. ಮರುವರ್ಷ ಕರುಣ್ ನಾಯರ್ 328 ರನ್ ಬಾರಿಸಿದ ಫೈನಲ್‌ನಲ್ಲಿ ತಮಿಳುನಾಡು ಇನಿಂಗ್ಸ್ ಮತ್ತು 217 ರನ್ನುಗಳಿಂದ ಸೋತಿತು. ಆ ಎರಡೂ ಋತುಗಳಲ್ಲಿ ಇರಾನಿ ಕಪ್ ಮತ್ತು ವಿಜಯ್ ಹಜಾರೆ ಟ್ರೋಫಿಗಳೂ ಕರ್ನಾಟಕದ ಪಾಲಾದವು. ವಿಜಯ್ ಹಜಾರೆ ಹುಟ್ಟಿದ್ದು, ತೇರದಾಳ ಸೇರಿದ್ದ ಅದೇ ಸಂಸ್ಥಾನದ ರಾಜಧಾನಿ ಸಾಂಗಲಿಯಲ್ಲಿ.

ಎಂಟು ಪ್ರಶಸ್ತಿಗಳ ಈ ದಾರಿಯಲ್ಲಿ ಹುಬ್ಬಳ್ಳಿಯ ರಾಜನಗರ ಮೈದಾನವೂ ರಣಜಿ ಪಂದ್ಯಗಳಿಗೆ ತೆರೆದುಕೊಂಡಿತು. ರಾಜ್ಯಕ್ಕೆ ಹೆಸರು ಬರಲು ಒಂದು ದಿನ ಸಾಕಾಯಿತು. ಬೆಂಗಳೂರಿಗೆ ದೂರದ ಊರುಗಳ ಹುಡುಗರೂ ‘ನಮ್ಮ ತಂಡ’ ಎನ್ನಲು ಗದಗಿನಿಂದ ಒಬ್ಬ ಆಟಗಾರ ಬರಬೇಕಾಯಿತು.