ಚಂಚಿಯ ವಿವೇಕ

ಹತ್ತು ಉಪಕರಣಗಳನ್ನು ಒಂದೇ ಹಿಡಿಯಲ್ಲಿ ಮಡಿಸಿಟ್ಟ ಚಾಕು ಇಂದು ಕಲಬುರಗಿಯ ಪೇಟೆಗೂ ಬಂದಿದೆ. ಅದು ಹೆಸರಾದದ್ದು ಸ್ವಿಸ್ ಸೇನೆಯಿಂದ. 1889ರ ಹೊಸ ಬಂದೂಕನ್ನು ಬಿಚ್ಚಲು ತಿರುಪುಳಿ ಬೇಕು, ಆಹಾರದ ಡಬ್ಬಿ ತೆರೆಯಲು ಬೇರೊಂದು ಅಲಗು ಬೇಕು. ಇವನ್ನು ಕೂಡಿಸಿದ ಚಾಕು 1891ರಲ್ಲಿ ಸೈನಿಕರ ಕೈಸೇರಿತು. ಹೊರೆ ಹೊತ್ತು ನಡೆಯುವವನಿಗೆ ಅದು ವರವೇ ಸರಿ.

ನಮ್ಮ ಹಿರಿಯರಿಗೂ ಈ ಉಪಾಯ ಹೊಸದಲ್ಲ. ಮುಳ್ಳು ಕೀಳುವ ಚಿಮಟ, ಕಿವಿಯ ಕಡ್ಡಿಗಳನ್ನು ಒಂದೇ ಬಳೆಗೆ ಪೋಣಿಸಿ ಉಡಿದಾರಕ್ಕೆ ಕಟ್ಟುತ್ತಿದ್ದರು. ಆದರೆ ಒಣ ಅಡಕೆಗೆ ಬಲ ಬೇಕು. ಅಡಕೊತ್ತು ಬೇರೆಯಾಗಿಯೇ ಚಂಚಿಯಲ್ಲಿ ಉಳಿಯಿತು. ಕಮಲಾಪುರದ ತೋಟದಲ್ಲಿ ಕೆಂಪು ಬಾಳೆಯ ಗೊನೆಗೆ ಕುಡುಗೋಲೇ ಬೇಕು. ಹಗುರ ಕೆಲಸದವು ಕೂಡಿರಲಿ, ಭಾರದವು ಬಿಡಿಯಾಗಿರಲಿ ಎಂಬುದೇ ಅವರ ಲೆಕ್ಕ. ಚಂಚಿ ಅಟ್ಟ ಸೇರುತ್ತಿದೆ. ಆ ಲೆಕ್ಕವೂ ಅದರೊಡನೆ ಸೇರದಿರಲಿ.