ಭಾಟೆ ವಕೀಲರ ಮನೆಗೆ ಬಂದ ಚೀಟಿ

ಹೋದ ತಿಂಗಳು ನಮ್ಮೂರ ಹುಡುಗಿಯೊಬ್ಬಳು ಫೋನ್ ಮಾಡಿದಳು. ಬೆಳಗಾವಿಯಲ್ಲಿ ಬಿಇ ಮುಗಿಸಿದ್ದಾಳೆ, ನಾನಿರುವ ಕಂಪನಿಗೇ ಅರ್ಜಿ ಹಾಕಬೇಕಂತೆ. "ಅಣ್ಣಾ, ಕವರ್ ಲೆಟರ್‌ನಾಗ ನಿಮ್ಮ ಹೆಸರು ಬರದ್ರ ನಡೀತೈತೇನ್ರಿ? ವಶೀಲಿ ಹಚ್ಚಿದಂಗ ಆಗಂಗಿಲ್ಲಾ?"

ವಶೀಲಿ! ಖಾನಾಪುರ ತಾಲೂಕಿನಲ್ಲಿ ಬೆಳೆದವರಿಗೆ ಈ ಪದ ಕೇಳಿದರೇ ಮೈ ಮುದುಡುತ್ತದೆ. ನಾನೂ ಮೊದಲ ನೌಕರಿ ಹುಡುಕುವಾಗ, ಸುದ್ದಿ ಕೊಟ್ಟ ಸೀನಿಯರ್‌ನ ಹೆಸರನ್ನು ಅರ್ಜಿಯಲ್ಲಿ ಬರೆಯದೆ ಬಿಟ್ಟಿದ್ದೆ. ನನ್ನ ಮಾರ್ಕ್ಸೇ ಮಾತಾಡಲಿ ಅನ್ನೋ ಹಟ. ಉತ್ತರವೇ ಬರಲಿಲ್ಲ. "ನನ್ನ ಹೆಸರು ಬರಿಯಾಕ ನಿನಗೇನ್ ಧಾಡಿ ಆಗಿತ್ತಲೇ?" ಅಂತ ಅವನು ಬೈದದ್ದು ಇನ್ನೂ ಕಿವಿಯಲ್ಲಿದೆ.

ಹುಡುಗಿಗೆ ನಾನು ಹೇಳಿದ್ದು ಬೆಳಗಾವಿಯದೇ ಒಂದು ಹಳೇ ಸಂಗತಿ.

1892ರ ಅಕ್ಟೋಬರ್. ಸದಾಶಿವರಾವ್ ಭಾಟೆ ಎಂಬ ವಕೀಲರ ಮನೆಗೆ ಬೆಳಗಿನ ಆರರ ಸುಮಾರಿಗೆ ಒಬ್ಬ ಸನ್ಯಾಸಿ ಬಂದ. ವಯಸ್ಸು 29. ಕೈಯಲ್ಲಿ ಕೊಲ್ಹಾಪುರದ ಮಹಾರಾಜರ ಖಾಸಗಿ ಕಾರ್ಯದರ್ಶಿ ಗೋಳ್ವಲ್ಕರ್ ಬರೆದ ಒಂದು ಚೀಟಿ. ವಿವೇಕಾನಂದ ಅಂದರೆ ಆಗ ಈ ಸೀಮೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಗಿಲು ತೆರೆಸಿದ್ದು ಆ ಚೀಟಿ. ಒಳಗೆ ಬಂದ ಮೇಲೆ ಅದರ ಕೆಲಸ ಮುಗೀತು. ಊಟವಾದ ಮೇಲೆ ಎಲೆ ಅಡಿಕೆ, ತಂಬಾಕು ಕೇಳಿದ ಸನ್ಯಾಸಿಯನ್ನು ಕಂಡು ಮನೆಯವರಿಗೆ ಅಚ್ಚರಿ. ವಕೀಲರ ಮಗ ಆಗ ಪಾಣಿನಿಯ ಅಷ್ಟಾಧ್ಯಾಯಿಯನ್ನು ಕಷ್ಟಪಟ್ಟು ಬಾಯಿಪಾಠ ಮಾಡುತ್ತಿದ್ದ. ಅದೇ ಭಾಗಗಳು ಈ ಅತಿಥಿಗೆ ತನಗಿಂತ ಚೆನ್ನಾಗಿ ಬರುತ್ತಿದ್ದವು ಎಂದು ಮುಂದೆ ಆ ಮಗನೇ ಬರೆದಿದ್ದಾನೆ.

ಇನ್ನೊಂದು ಭೇಟಿ ನನಗೆ ಇದಕ್ಕಿಂತ ಮುಖ್ಯ. ಅಕ್ಟೋಬರ್ 18ರ ಸಂಜೆ ವಕೀಲರು ಅತಿಥಿಯನ್ನು ಹರಿಪದ ಮಿತ್ರ ಎಂಬ ಬಂಗಾಳಿ ಅರಣ್ಯ ಅಧಿಕಾರಿಯ ಮನೆಗೆ ಕರೆದೊಯ್ದರು. ಮಿತ್ರರಿಗೆ ಸನ್ಯಾಸಿಗಳೆಂದರೆ ಅನುಮಾನ, ಏನೋ ಕೇಳಲು ಬಂದಿದ್ದಾನೆ ಅಂದುಕೊಂಡರು. ಅಂದರೆ, ಪಕ್ಕದಲ್ಲೇ ನಿಂತ ವಕೀಲರ ರೆಫರೆನ್ಸ್ ಕೂಡ ಪೂರ್ತಿ ಕೆಲಸ ಮಾಡಲಿಲ್ಲ! ಮಾತು ಶುರುವಾದ ಮೇಲೆ ಅನುಮಾನ ಕರಗಿತು. ಕೆಲವೇ ದಿನದಲ್ಲಿ ಶಿಕಾಗೋ ಪ್ರಯಾಣಕ್ಕೆ ಚಂದಾ ಎತ್ತಲು ಮಿತ್ರರು ತಾವಾಗಿಯೇ ಮುಂದಾದರು. ಅತಿಥಿ ಒಪ್ಪಲಿಲ್ಲ. ಅಕ್ಟೋಬರ್ 27ರಂದು ಮರ್ಮಗೋವಾ ಟಿಕೆಟ್ ಕೊಡಿಸಿ ಅವರನ್ನು ರೈಲು ಹತ್ತಿಸಿದರು. ಗೋವಾದ ಆ ದಾರಿ ಖಾನಾಪುರ, ಲೋಂಡಾ ಮೇಲೆಯೇ ಹೋಗೋದು. ನಮ್ಮ ಸ್ಟೇಷನ್ನಿನಲ್ಲಿ ಅವತ್ತು ಕಿಟಕಿಯಾಚೆ ಯಾರಿಗೆ ಏನು ಕಂಡಿತೋ!

ಮೈಸೂರಿನಲ್ಲೂ ಹೀಗೇ. ದಿವಾನ್ ಶೇಷಾದ್ರಿ ಅಯ್ಯರ್ ನೋಟಿನ ಕಟ್ಟು ಕೊಡಲು ಹೋದರೆ ಬೇಡವೆಂದರು. ಪಡೆದದ್ದು ಮುಂದಿನ ಊರಿಗೆ ಟಿಕೆಟ್, ಜೊತೆಗೆ ಕೊಚ್ಚಿಯ ದಿವಾನರಿಗೊಂದು ಪರಿಚಯ ಪತ್ರ.

"ಗೋಳ್ವಲ್ಕರ್ ಥರದವ್ರು ಗೊತ್ತಿಲ್ಲದವ್ರು ಏನ್ ಮಾಡ್ಬೇಕ್ರಿ?" ಹುಡುಗಿ ಕೇಳಿದಳು. ಸರಿಯಾದ ಪ್ರಶ್ನೆ. ನಮ್ಮ ತಾಲೂಕಿನ ಬಹುತೇಕರ ಪ್ರಶ್ನೆಯೂ ಅದೇ. 1893ರಲ್ಲಿ ಶಿಕಾಗೋ ಮುಟ್ಟಿದಾಗ ವಿವೇಕಾನಂದರದೂ ಅದೇ ಸ್ಥಿತಿ. ಯಾವ ಸಂಸ್ಥೆಯ ಪತ್ರವೂ ಇಲ್ಲ, ಪ್ರತಿನಿಧಿಗಳ ನೋಂದಣಿಯೂ ಮುಗಿದಿತ್ತು. ರೈಲಿನಲ್ಲಿ ಪರಿಚಯವಾದ ಕೇಟ್ ಸ್ಯಾನ್‌ಬಾರ್ನ್ ಎಂಬ ಹೆಂಗಸು ಅವರನ್ನು ತನ್ನ ತೋಟದ ಮನೆಗೆ ಕರೆದಳು. ಅಲ್ಲಿಂದ ಹಾರ್ವರ್ಡ್‌ನ ಪ್ರೊಫೆಸರ್ ಜಾನ್ ಹೆನ್ರಿ ರೈಟ್‌ರ ಪರಿಚಯ. ಗ್ರೀಕ್ ಪಂಡಿತರಾದ ರೈಟ್, ನಮ್ಮ ಪ್ರೊಫೆಸರುಗಳನ್ನೆಲ್ಲ ಒಟ್ಟು ಸೇರಿಸಿದರೂ ಈತನ ವಿದ್ವತ್ತಿಗೆ ಸಾಟಿಯಲ್ಲ ಎಂಬರ್ಥದಲ್ಲಿ ಬರೆದುಕೊಟ್ಟರು. ಹಾಗೆ ಬರೆಯುವ ಮುಂಚೆ ಅವರೊಂದಿಗೆ ಗಂಟೆಗಟ್ಟಲೆ ಮಾತಾಡಿದ್ದರು. ಅಷ್ಟಾದರೂ ಶಿಕಾಗೋಗೆ ಮರಳಿದಾಗ ವಿಳಾಸವೇ ಕಳೆದುಹೋಗಿ, ಒಂದು ರಾತ್ರಿ ರೈಲ್ವೆ ಯಾರ್ಡಿನಲ್ಲಿ ಕಳೆಯಬೇಕಾಯಿತು. ಸಮ್ಮೇಳನ ಶುರುವಾದದ್ದು ಸೆಪ್ಟೆಂಬರ್ 11ಕ್ಕೆ.

ನಮ್ಮೂರಲ್ಲಿ ವಶೀಲಿ ಅಂದರೆ ಹೆಸರು ಹೇಳದೆ ಹಿಂಬಾಗಿಲಿನಿಂದ ಆಗುವ ಕೆಲಸ. ಚೀಟಿ ಹಾಗಲ್ಲ, ಅದರಲ್ಲಿ ಬರೆದವನ ಹೆಸರಿರುತ್ತದೆ, ಆಮೇಲೆ ಬೈಸಿಕೊಳ್ಳುವವನೂ ಅವನೇ.

"ಮೊದಲ ಪ್ಯಾರಾದಾಗೇ ಬರಿ," ಅಂದೆ. "ನಾನು ಯಾರು, ನಿನ್ನ ಯಾವ ಕೆಲಸ ನೋಡೀನಿ, ಇಷ್ಟ ಸಾಕು. ನಮ್ಮೂರವ್ರು ಅಂತ ಬರೀಬ್ಯಾಡ."

"ನೀವು ನನ್ನ ಕೆಲಸ ಏನೂ ನೋಡೇ ಇಲ್ಲಲ್ರಿ ಅಣ್ಣಾ?"

ಹೌದಲ್ಲ! ಪ್ರಾಜೆಕ್ಟ್ ಕಳಿಸು ಅಂದೆ. ಆ ರಾತ್ರಿಯೇ ಕಳಿಸಿದಳು. ಎರಡು ಬಗ್ ಸಿಕ್ಕವು, ಬರೆದು ಕಳಿಸಿದ್ದೇನೆ. ಒಂದನ್ನು ಸರಿಮಾಡಿದ್ದಾಳೆ, ಇನ್ನೊಂದು ಬಗ್ಗೇ ಅಲ್ಲ ಅಂತ ನನ್ನ ಜೊತೆ ವಾದಕ್ಕಿಳಿದಿದ್ದಾಳೆ.